ಬಿಸಿನೀರು ಹಾಕಿದರೆ ಮಾತ್ರ ಬೆಚ್ಚಗಾಗುತ್ತಿದ್ದ ಮನೆ: ಒಂದು ಹೀಟಿಂಗ್ ಟೈಮರ್ ಬದಲಿಸಿದ ಬಗೆ

ಈ ಬಾರಿಯ ಚಳಿಗಾಲದ ಆರಂಭದಲ್ಲಿ ನಮ್ಮ ಮನೆಯ ಸೆಂಟ್ರಲ್ ಹೀಟಿಂಗ್ ಒಂದು ವಿಚಿತ್ರ ಲಕ್ಷಣವನ್ನು ತೋರಿಸತೊಡಗಿತು. ಬಿಸಿನೀರು ಮತ್ತು ಹೀಟಿಂಗ್ ಎರಡನ್ನೂ ಒಟ್ಟಿಗೆ ಹಾಕಿದರೆ ಕೋಣೆಗಳನ್ನು ಬೆಚ್ಚಗಾಗಿಸುವ ರೇಡಿಯೇಟರುಗಳು ಚೆನ್ನಾಗಿಯೇ ಬಿಸಿಯಾಗುತ್ತಿದ್ದವು. ಬಿಸಿನೀರನ್ನು ಆಫ್ ಮಾಡಿ ಹೀಟಿಂಗ್ ಒಂದನ್ನೇ ಉಳಿಸಿದರೆ ಬಾಯ್ಲರ್ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಬಂದು ನೋಡಿದ ತಂತ್ರಜ್ಞರೊಬ್ಬರು ಮೂರು ದಾರಿಯ ವಾಲ್ವ್ ಕೆಟ್ಟಿದೆ, ಅದನ್ನು ಬದಲಿಸಬೇಕು, ಹೇಗೂ ಟೈಮರ್ ಹಳೆಯದಾಗಿರುವುದರಿಂದ ಅದನ್ನೂ ತೆಗೆದು ಫೋನಿನಿಂದ ನಡೆಸುವ ಹೊಸ ವ್ಯವಸ್ಥೆಯನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದು ಹೇಳಿ ಹೋದರು. ಕೊನೆಗೆ ಕೆಟ್ಟಿದ್ದದ್ದು ಟೈಮರ್ ಒಂದೇ ಎಂಬುದು ಖಚಿತವಾಯಿತು. ವಾಲ್ವನ್ನು ಮುಟ್ಟದೆ, ಗೋಡೆಯೊಳಗಿನ ಒಂದು ತಂತಿಯನ್ನೂ ಕದಲಿಸದೆ, ಹಳೆಯ ಟೈಮರ್ ಇದ್ದ ಜಾಗದಲ್ಲಿಯೇ ಹೊಸದನ್ನು ಕೂರಿಸಿದೆವು. ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗ ಕುಟುಂಬಗಳಿಗೆ ಉಪಯೋಗವಾಗಬಹುದೆಂಬ ಕಾರಣದಿಂದ ಇದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಬೆಳೆದ ನಮಗೆ ಮನೆಯನ್ನೇ ಬಿಸಿ ಮಾಡುವ ವ್ಯವಸ್ಥೆಯ ಪರಿಚಯ ಇರುವುದಿಲ್ಲ. ಹಂಡೆಯ ಒಲೆ, ಗೀಸರ್, ಮಹಡಿಯ ಮೇಲಿನ ಸೋಲಾರ್ ಇವೆಲ್ಲ ಸ್ನಾನದ ನೀರಿನ ಮಟ್ಟಿಗೆ ಮಾತ್ರ. ಹಾಗಾಗಿ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಗೋಡೆಯ ಮೇಲಿನ ಟೈಮರ್ ಎಂಬ ಆ ಬಿಳಿಯ ಪೆಟ್ಟಿಗೆಯನ್ನು ಮೊದಲ ವಾರ ಯಾರೋ ಹೇಳಿಕೊಟ್ಟಂತೆ ಹೊಂದಿಸಿ, ಆಮೇಲೆ ಅದರ ಕಡೆಗೆ ತಿರುಗಿ ನೋಡುವುದಿಲ್ಲ. ಹೊರಗೆ ಹಿಮ ಬಿದ್ದಿರುವಾಗ ಅದು ಕೆಟ್ಟರೆ, ಏನು ಕೆಟ್ಟಿದೆ ಎಂದು ಹೇಳುವುದಕ್ಕೂ ಪದಗಳು ಸಿಗದೆ, ಬಂದವರು ಹೇಳಿದ ಬೆಲೆಯನ್ನು ಕೊಡಬೇಕಾಗುತ್ತದೆ. ಈ ಅಸಹಾಯಕತೆಯನ್ನು ಕಳೆದುಕೊಳ್ಳುವುದಕ್ಕೆ ಎಂಜಿನಿಯರಿಂಗ್ ಓದಿರಬೇಕೆಂದಿಲ್ಲ. ಮನೆಯಲ್ಲಿ ಯಾವುದು ಯಾವುದಕ್ಕೆ ಆಜ್ಞೆ ಕೊಡುತ್ತದೆ ಎಂಬ ಕ್ರಮ ತಿಳಿದಿದ್ದರೆ ಸಾಕು.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪ್ ಅದನ್ನು ಕೊಳವೆಗಳ ಮೂಲಕ ರೇಡಿಯೇಟರುಗಳಿಗೆ ಸುತ್ತಿಸುತ್ತದೆ. ಬಿಸಿನೀರಿಗಾಗಿ ಪ್ರತ್ಯೇಕ ಸಿಲಿಂಡರ್ ಇಲ್ಲದೆ, ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ನೀರು ಕಾಯಿಸಿಕೊಡುವ ಬಾಯ್ಲರನ್ನು ಕಾಂಬಿ ಎನ್ನುತ್ತಾರೆ. ಅಂಥ ಮನೆಯಲ್ಲಿ ಟೈಮರಿಗೆ ಇರುವುದು ಹೀಟಿಂಗ್ ಎಂಬ ಒಂದೇ ಕೆಲಸ. ನಮ್ಮದು ಹಳೆಯ ಬಗೆಯ ಮನೆ. ಮೇಲಿನ ಮಹಡಿಯ ಕಪಾಟಿನಲ್ಲಿ ತಾಮ್ರದ ಬಿಸಿನೀರಿನ ಸಿಲಿಂಡರ್ ಇದೆ; ಆದ್ದರಿಂದ ಟೈಮರಿಗೆ ಎರಡು ಕೆಲಸ, ಬಿಸಿನೀರಿನದು ಒಂದು, ರೇಡಿಯೇಟರುಗಳದು ಇನ್ನೊಂದು. ಎರಡನ್ನೂ ನೋಡಿಕೊಳ್ಳುವ ಈ ಪೆಟ್ಟಿಗೆಯನ್ನು ಅಂಗಡಿಗಳಲ್ಲಿ ಪ್ರೋಗ್ರಾಮರ್ ಎಂದು ಕರೆಯುತ್ತಾರೆ. ಟೈಮರ್ ಎಂದು ಕೇಳಿದರೆ ಕಾಂಬಿಗೆ ಹಾಕುವ ಒಂದು ಚಾನೆಲಿನ ಉಪಕರಣವನ್ನು ಕೊಡುವ ಸಾಧ್ಯತೆ ಇರುವುದರಿಂದ ಕೊಳ್ಳುವಾಗ ಈ ವ್ಯತ್ಯಾಸವನ್ನು ನೆನಪಿಡಬೇಕು.

ಕಾದ ನೀರು ಸಿಲಿಂಡರಿಗೆ ಹೋಗಬೇಕೋ ರೇಡಿಯೇಟರಿಗೆ ಹೋಗಬೇಕೋ ಎಂಬುದನ್ನು ಮೋಟಾರಿನಿಂದ ತಿರುಗುವ ವಾಲ್ವ್ ನಿರ್ಧರಿಸುತ್ತದೆ. ಎರಡು ಬೇರೆ ಬೇರೆ ವಾಲ್ವುಗಳಿದ್ದರೆ ಅದು ಎಸ್-ಪ್ಲಾನ್, ಒಂದೇ ವಾಲ್ವ್ ಮೂರು ದಾರಿಗಳನ್ನು ನೋಡಿಕೊಂಡರೆ ವೈ-ಪ್ಲಾನ್. ನಮ್ಮ ಮನೆಯಲ್ಲಿರುವುದು ವೈ-ಪ್ಲಾನ್. ನಮ್ಮ ತೊಂದರೆಯ ಗುಟ್ಟೆಲ್ಲ ಈ ವಾಲ್ವ್ ನಡೆದುಕೊಳ್ಳುವ ರೀತಿಯಲ್ಲಿಯೇ ಇತ್ತಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ವಿದ್ಯುತ್ ಇಲ್ಲದಿದ್ದಾಗ ಸ್ಪ್ರಿಂಗಿನ ಬಲದಿಂದ ಈ ವಾಲ್ವ್ ಸಿಲಿಂಡರಿನ ಕಡೆಗೆ ತೆರೆದುಕೊಂಡಿರುತ್ತದೆ. ಹೀಟಿಂಗ್ ಬೇಕೆಂದು ಟೈಮರ್ ಮತ್ತು ಕೋಣೆಯ ಥರ್ಮೋಸ್ಟಾಟ್ (ತಾಪ ನೋಡಿ ಆನ್-ಆಫ್ ಮಾಡುವ ಸ್ವಿಚ್) ಒಪ್ಪಿದಾಗ ವಾಲ್ವಿನ ಬಿಳಿಯ ತಂತಿಗೆ ವಿದ್ಯುತ್ ಬರುತ್ತದೆ, ವಾಲ್ವ್ ನಡುವಿನ ಸ್ಥಾನದವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಆಗ ನೀರು ಎರಡೂ ಕಡೆ ಹರಿಯಬಹುದು. ಸಿಲಿಂಡರಿಗೆ ನೀರು ಬೇಡ, ರೇಡಿಯೇಟರಿಗೆ ಮಾತ್ರ ಸಾಕು ಎಂದಾದರೆ ಬೂದು ಬಣ್ಣದ ಇನ್ನೊಂದು ತಂತಿಗೂ ವಿದ್ಯುತ್ ಬರಬೇಕು. ಅದು ಬಂದಾಗಲೇ ವಾಲ್ವ್ ಕೊನೆಯವರೆಗೆ ಸರಿಯುತ್ತದೆ, ಒಳಗಿನ ಸಣ್ಣ ಸ್ವಿಚ್ ಮುಚ್ಚಿಕೊಳ್ಳುತ್ತದೆ, ಕಿತ್ತಳೆ ಬಣ್ಣದ ತಂತಿಯ ಮೂಲಕ ಬಾಯ್ಲರಿಗೂ ಪಂಪಿಗೂ ಆಜ್ಞೆ ಹೋಗುತ್ತದೆ. ಬೂದು ತಂತಿಗೆ ಆ ವಿದ್ಯುತ್ ಬರುವುದು ಎರಡು ದಾರಿಗಳಿಂದ: ಸಿಲಿಂಡರ್ ಸಾಕಷ್ಟು ಕಾದಿದೆ ಎಂದು ಅದರ ಥರ್ಮೋಸ್ಟಾಟ್ ಹೇಳಿದಾಗ, ಇಲ್ಲವೇ ಬಿಸಿನೀರು ಆಫ್ ಆಗಿದೆ ಎಂದು ಟೈಮರ್ ಹೇಳಿದಾಗ. ಎಂದರೆ ಈ ವ್ಯವಸ್ಥೆಯಲ್ಲಿ ಟೈಮರ್ ‘ಆನ್’ ಎಂಬ ಆಜ್ಞೆಯನ್ನಷ್ಟೇ ಕೊಟ್ಟರೆ ಸಾಲದು, ಬಿಸಿನೀರಿನ ಮಟ್ಟಿಗೆ ‘ಆಫ್’ ಎಂಬುದನ್ನೂ ಒಂದು ಪ್ರತ್ಯೇಕ ತಂತಿಯ ಮೂಲಕ ಹೇಳಬೇಕು. ಆ ‘ಆಫ್’ ತಂತಿಯಲ್ಲಿ ವಿದ್ಯುತ್ ಬಾರದಿದ್ದರೆ ವಾಲ್ವ್ ನಡುವಿನಲ್ಲಿಯೇ ಉಳಿದು, ಬಾಯ್ಲರಿಗೆ ಯಾವ ಸುದ್ದಿಯೂ ಮುಟ್ಟುವುದಿಲ್ಲ. ಬಿಸಿನೀರನ್ನೂ ಹಾಕಿದರೆ ಮಾತ್ರ ರೇಡಿಯೇಟರ್ ಬಿಸಿಯಾಗುತ್ತಿದ್ದ ನಮ್ಮ ಮನೆಯ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು. ಆದರೆ ವಾಲ್ವ್ ಕೆಟ್ಟಾಗಲೂ ಇದೇ ಲಕ್ಷಣ ಕಾಣಿಸಿಕೊಳ್ಳಬಹುದು. ಆದ್ದರಿಂದ ತಂತ್ರಜ್ಞರ ಅನುಮಾನ ಅಸಂಬದ್ಧವಾಗಿತ್ತು ಎನ್ನಲಾರೆ. ಅಳತೆ ಮಾಡದೆ ತೀರ್ಮಾನಕ್ಕೆ ಬಂದದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಯಾರನ್ನಾದರೂ ಕರೆಯುವ ಮೊದಲು ಮನೆಯವರೇ ನೋಡಬಹುದಾದ ಸಂಗತಿಗಳು ಕೆಲವಿವೆ, ಇವುಗಳಿಗೆ ಯಾವ ಉಪಕರಣವೂ ಬೇಕಾಗಿಲ್ಲ. ಟೈಮರಿನ ಪರದೆ ಪೂರ್ತಿ ಖಾಲಿಯಾಗಿದ್ದರೆ ಮೊದಲು ಬಾಯ್ಲರ್ ಅಥವಾ ಸಿಲಿಂಡರಿನ ಹತ್ತಿರ ಗೋಡೆಯಲ್ಲಿರುವ ಫ್ಯೂಸಿನ ಸ್ವಿಚ್ ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ 3 ಆಂಪಿಯರಿನ ಫ್ಯೂಸ್ ಇರುತ್ತದೆ. ಪರದೆ ಬೆಳಗುತ್ತಿದ್ದರೆ ಗಂಟೆ, ದಿನ ಸರಿಯಾಗಿವೆಯೇ, ಯಾರಾದರೂ ರಜೆಯ ವಿಧಾನಕ್ಕೆ ಹಾಕಿದ್ದಾರೆಯೇ ಎಂದು ನೋಡಬೇಕು. ವಿದ್ಯುತ್ ಹೋಗಿ ಬಂದಾಗಲೆಲ್ಲ ಗಡಿಯಾರ ಮೊದಲಿಗೆ ಹೋಗುತ್ತಿದ್ದರೆ ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ ಎಂದರ್ಥ. ಕೋಣೆಯ ಥರ್ಮೋಸ್ಟಾಟನ್ನು ಕೋಣೆಯ ತಾಪಕ್ಕಿಂತ ಸಾಕಷ್ಟು ಮೇಲಕ್ಕೆ ತಿರುಗಿಸಿ ಪರೀಕ್ಷಿಸಬೇಕು. ಅದು ತಂತಿಯಿಲ್ಲದ ಬಗೆಯದಾದರೆ ಅದರ ಬ್ಯಾಟರಿಗಳನ್ನು ಬದಲಿಸಿ ನೋಡಬೇಕು, ಏಕೆಂದರೆ ಟೈಮರ್ ಕೆಟ್ಟಿತೆಂದು ದೂರುವ ಎಷ್ಟೋ ಪ್ರಸಂಗಗಳು ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ ಮುಗಿಯುತ್ತವೆ. ಇಷ್ಟಾದ ಮೇಲೆ ಟೈಮರಿನ ಗುಂಡಿ ಒತ್ತಿ ಒಳಗಿನಿಂದ ‘ಟಿಕ್’ ಎಂಬ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಅದು ಒಳಗೆ ತಾನಾಗಿ ಆನ್-ಆಫ್ ಆಗುವ ರಿಲೇ ಎಂಬ ಸ್ವಿಚ್ಚಿನ ಸದ್ದು. ಸದ್ದು ಬಾರದಿದ್ದರೆ ಅನುಮಾನ ಟೈಮರಿನ ಮೇಲೆಯೇ ಹೋಗುತ್ತದೆ, ಆದರೆ ಸದ್ದು ಬಂದ ಮಾತ್ರಕ್ಕೆ ಟೈಮರ್ ಸರಿಯಾಗಿದೆ ಎಂದು ಹೇಳಲಾಗುವುದಿಲ್ಲ.

ನಮ್ಮಲ್ಲಿ ಆದದ್ದು ಇದೇ. ಟಿಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಪರದೆಯೂ ದೀಪಗಳೂ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿದ್ದವು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಸಿಲಿಂಡರಿನ ಕಪಾಟಿನಲ್ಲಿರುವ ತಂತಿಗಳ ಪೆಟ್ಟಿಗೆಯನ್ನು ತೆರೆದು, ಹೀಟಿಂಗ್ ಆನ್, ಬಿಸಿನೀರು ಆಫ್ ಇರುವಾಗ ಒಂದೊಂದೇ ತಂತಿಯನ್ನು ಅಳೆದು ನೋಡಿದರು. ಹೀಟಿಂಗ್ ತಂತಿಯಲ್ಲಿ 230 ವೋಲ್ಟ್ ಇತ್ತು. ಅಷ್ಟೇ ಇರಬೇಕಾಗಿದ್ದ ಬಿಸಿನೀರಿನ ‘ಆಫ್’ ತಂತಿಯಲ್ಲಿ ಏನೂ ಇರಲಿಲ್ಲ. ವಿದ್ಯುತ್ ಕಡಿದು, ಟೈಮರಿನಿಂದ ಪೆಟ್ಟಿಗೆಯವರೆಗಿನ ಆ ತಂತಿ ನಡುವೆ ಎಲ್ಲಾದರೂ ತುಂಡಾಗಿದೆಯೇ ಎಂದು ಪರೀಕ್ಷಿಸಿದಾಗ ತಂತಿ ಗಟ್ಟಿಯಾಗಿಯೇ ಇತ್ತು. ಉಳಿದದ್ದು ಟೈಮರಿನ ಒಳಗಿನ ರಿಲೇ. ಅದರಲ್ಲಿ ಆಚೆ ಈಚೆ ಸರಿಯುವ ಒಂದು ಲೋಹದ ತುಣುಕಿರುತ್ತದೆ. ವಿಶ್ರಾಂತಿಯಲ್ಲಿರುವಾಗ ಅದು ‘ಆಫ್’ ಕಡೆಗೆ ತಾಗಿಕೊಂಡಿರುತ್ತದೆ, ಸುರುಳಿಗೆ ವಿದ್ಯುತ್ ಬಂದಾಗ ‘ಆನ್’ ಕಡೆಗೆ ಸರಿಯುತ್ತದೆ. ಪ್ರತಿ ಬಾರಿ ಸರಿಯುವಾಗಲೂ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ, ವರ್ಷಗಳು ಕಳೆದಂತೆ ಆ ಕಿಡಿಗಳಿಂದ ತುದಿಗಳು ಸುಟ್ಟು ಕಪ್ಪಾಗುತ್ತವೆ. ನಮ್ಮ ಟೈಮರಿನಲ್ಲಿ ‘ಆಫ್’ ಕಡೆಯ ತುದಿ ಸವೆದಿತ್ತು, ‘ಆನ್’ ಕಡೆಯದು ಚೆನ್ನಾಗಿತ್ತು. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಕಿಡಿಯ ಬಿಸಿಗೆ ತುದಿಗಳು ಒಂದಕ್ಕೊಂದು ಬೆಸೆದುಕೊಂಡುಬಿಟ್ಟರೆ ಟೈಮರ್ ಆಫ್ ಎಂದು ತೋರಿಸುತ್ತಿದ್ದರೂ ಬಾಯ್ಲರ್ ರಾತ್ರಿಯಿಡೀ ಉರಿಯುತ್ತದೆ.

ರಿಲೇಯನ್ನು ಬೆಸುಗೆ ಬಿಡಿಸಿ ಹೊಸದನ್ನು ಹಾಕುವುದು ಸಾಧ್ಯವಿಲ್ಲದ ಕೆಲಸವೇನಲ್ಲ, ಬಿಡಿಭಾಗದ ಬೆಲೆಯೂ ಅತ್ಯಲ್ಪ. ಆದರೂ ಮನೆಯವರು ಮಲಗಿರುವಾಗ ತಾನಾಗಿ ನಡೆಯುವ, 230 ವೋಲ್ಟಿನ ಉಪಕರಣವನ್ನು ಮನೆಯ ಮೇಜಿನ ಮೇಲೆ ಬಿಚ್ಚಿ ಕಟ್ಟುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಇಡೀ ಟೈಮರನ್ನು ಬದಲಿಸುವುದೇ ಅಷ್ಟು ಸುಲಭವಾಗಿರುವಾಗ ಆ ಅಪಾಯಕ್ಕೆ ಕಾರಣವೂ ಇಲ್ಲ. ಹೀಗೆ ಸುಲಭವಾಗಿರುವುದಕ್ಕೆ ಕಾರಣ ಟೈಮರಿನ ಹಿಂದೆ ಗೋಡೆಗೆ ಅಂಟಿಕೊಂಡಿರುವ ಒಂದು ಪ್ಲಾಸ್ಟಿಕ್ ತಟ್ಟೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಮೆಚ್ಚುಗೆಯಾದ ವಸ್ತು ಅದೇ.

ಬ್ರಿಟನ್ನಿನಲ್ಲಿ ಮಾರಾಟವಾಗುವ ಹೆಚ್ಚಿನ ಎಲೆಕ್ಟ್ರಾನಿಕ್ ಪ್ರೋಗ್ರಾಮರುಗಳು, ತಯಾರಕರು ಯಾರೇ ಆಗಿರಲಿ, ಒಂದೇ ಮಾದರಿಯ ಗೋಡೆತಟ್ಟೆಯ ಮೇಲೆ ಕೂರುತ್ತವೆ. ಡ್ರೇಟನ್, ಹನಿವೆಲ್, ಸೀಮೆನ್ಸ್‌ನಂಥ ಪರಸ್ಪರ ಸ್ಪರ್ಧಿಗಳು ಕೂಡ ಈ ಮಾದರಿಯಲ್ಲಿ ಪ್ರೋಗ್ರಾಮರುಗಳನ್ನು ಮಾಡಿದ್ದಾರೆ. ತಟ್ಟೆಯ ಮೇಲೆ ಸಾಲಾಗಿ ತಿರುಪುಗಳಿರುತ್ತವೆ: ಮೊದಲು ನ್ಯೂಟ್ರಲ್ ಮತ್ತು ಲೈವ್ (ನಮ್ಮ ಕಡೆ ಫೇಸ್ ಎನ್ನುವುದು), ಆಮೇಲೆ 1ರಿಂದ 4ರವರೆಗಿನ ಸಂಖ್ಯೆಗಳು. 1 ಬಿಸಿನೀರಿನ ಆಫ್, 2 ಹೀಟಿಂಗ್ ಆಫ್, 3 ಬಿಸಿನೀರಿನ ಆನ್, 4 ಹೀಟಿಂಗ್ ಆನ್. ಎರಡನೆಯದಕ್ಕೆ ಸಾಮಾನ್ಯವಾಗಿ ತಂತಿಯೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಕೈಕೊಟ್ಟದ್ದು 1. ತಂತಿಗಳೆಲ್ಲ ತಟ್ಟೆಗೆ ಸೇರಿರುತ್ತವೆಯೇ ಹೊರತು ಟೈಮರಿಗಲ್ಲ. ಟೈಮರ್ ತನ್ನ ಹಿಂಬದಿಯ ಲೋಹದ ನಾಲಿಗೆಗಳಿಂದ ಆ ತಿರುಪುಗಳ ಸಾಲಿಗೆ ತಾಗಿಕೊಂಡಿರುತ್ತದೆ, ಅಷ್ಟೇ. ಹೋಲ್ಡರಿನಿಂದ ಬಲ್ಬನ್ನು ತೆಗೆದು ಬೇರೆ ಕಂಪನಿಯ ಬಲ್ಬನ್ನು ಹಾಕಿದಂತೆ, ಕೆಳಗಿನ ಎರಡು ತಿರುಪುಗಳನ್ನು ಸಡಿಲಿಸಿ ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಬಹುದು. ವಸ್ತುಗಳು ಕೆಡುವುದು ಸಹಜ. ಕೆಟ್ಟದ್ದನ್ನು ಬದಲಿಸುವ ದಾರಿಯನ್ನು ತಯಾರಕರು ಮುಚ್ಚದೆ ತೆರೆದಿಟ್ಟಿರುವುದು ಅಪರೂಪ. ಈ ತಟ್ಟೆ ಸುಸ್ಥಿತಿಯಲ್ಲಿದ್ದರೆ ಅದನ್ನು ಕಿತ್ತುಹಾಕಲು ಯಾರಿಗೂ ಬಿಡಬೇಡಿ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ತಿರುಗುವ ಮುಖ ಮತ್ತು ಪುಟ್ಟ ಗೂಟಗಳಿರುವ ತೀರ ಹಳೆಯ ಯಾಂತ್ರಿಕ ಟೈಮರುಗಳಲ್ಲಿ ತಟ್ಟೆಯ ಮಾದರಿ ಬೇರೆ ಇರಬಹುದು. ಅವುಗಳಲ್ಲಿ ತಂತಿಗಳನ್ನು ಬಿಚ್ಚಿ ಹೊಸ ತಟ್ಟೆಗೆ ಜೋಡಿಸಬೇಕಾಗುವುದರಿಂದ ಅದು ಎಲೆಕ್ಟ್ರಿಷಿಯನ್ನರಿಗೆ ಬಿಡಬೇಕಾದ ಕೆಲಸ.

ಬದಲಿಸುವ ದಿನ ಮೊದಲು ಮಾಡಬೇಕಾದದ್ದು ವಿದ್ಯುತ್ತನ್ನು ಕಡಿಯುವುದು. ಹೀಟಿಂಗಿನ ಫ್ಯೂಸಿನ ಸ್ವಿಚ್ಚನ್ನು ಆಫ್ ಮಾಡಿ, ಫ್ಯೂಸನ್ನು ಹೊರತೆಗೆದು ಜೇಬಿನಲ್ಲಿ ಇಟ್ಟುಕೊಂಡರೆ ಬೇರೆಯವರು ತಿಳಿಯದೆ ಹಾಕುವ ಭಯವಿರುವುದಿಲ್ಲ. ಟೈಮರ್, ಬಾಯ್ಲರ್, ಥರ್ಮೋಸ್ಟಾಟ್ ಎಲ್ಲಕ್ಕೂ ಒಂದೇ ಸ್ವಿಚ್ಚಿನಿಂದ ವಿದ್ಯುತ್ ಬರಬೇಕೆಂಬುದು ಕ್ರಮವಾದರೂ ಹಿಂದಿನ ಮಾಲೀಕರು ಏನೇನು ಮಾಡಿಸಿರುತ್ತಾರೋ ಹೇಳಲಾಗುವುದಿಲ್ಲ. ಆದ್ದರಿಂದ ತಟ್ಟೆಯ ಮೇಲೆ ವಿದ್ಯುತ್ ಇಲ್ಲವೆಂಬುದನ್ನು ಎರಡು ಮೊನೆಗಳಿರುವ ಸರಿಯಾದ ಪರೀಕ್ಷಕದಿಂದಲೇ ಖಚಿತಪಡಿಸಿಕೊಳ್ಳಬೇಕು. ಪರೀಕ್ಷಕವನ್ನು ಮೊದಲು ವಿದ್ಯುತ್ ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತದೆಯೇ ಎಂದು ನೋಡಿ, ಆಮೇಲೆ ತಟ್ಟೆಯನ್ನು ಪರೀಕ್ಷಿಸಿ, ಮತ್ತೊಮ್ಮೆ ವಿದ್ಯುತ್ ಇರುವ ಕಡೆ ಹಿಡಿದು ನೋಡುವುದು ಇಲ್ಲಿನ ಎಲೆಕ್ಟ್ರಿಷಿಯನ್ನರ ನಿಯಮ. ತಾಗಿಸದೆ ಸುಮ್ಮನೆ ಹತ್ತಿರ ಹಿಡಿದರೆ ಬೆಳಗುವ ಪೆನ್ನಿನಂಥ ಪರೀಕ್ಷಕವನ್ನು ಈ ಕೆಲಸಕ್ಕೆ ನಂಬಬಾರದು. ತಂತಿಗಳ ಬಣ್ಣವನ್ನೂ ನಂಬಬಾರದು. ಬ್ರಿಟನ್ನಿನಲ್ಲಿ ಲೈವ್ ತಂತಿಯ ಬಣ್ಣ ಕೆಂಪಿನಿಂದ ಕಂದು ಬಣ್ಣಕ್ಕೂ, ನ್ಯೂಟ್ರಲಿನದು ಕಪ್ಪಿನಿಂದ ನೀಲಿಗೂ 2004ರಿಂದ 2006ರ ನಡುವೆ ಬದಲಾಯಿತಾದ್ದರಿಂದ ಒಂದೇ ಮನೆಯಲ್ಲಿ ಎರಡೂ ಪದ್ಧತಿಗಳು ಕಾಣಸಿಗುತ್ತವೆ.

ಹೊಸ ಟೈಮರನ್ನು ಕೂರಿಸುವ ಮೊದಲು ಅದರ ಬೆನ್ನನ್ನು ತಿರುಗಿಸಿ ನೋಡಬೇಕು. ಅನೇಕ ಮಾದರಿಗಳಲ್ಲಿ ಅಲ್ಲೊಂದು ಪುಟ್ಟ ಜಾರುವ ಸ್ವಿಚ್ ಇರುತ್ತದೆ. ಬಿಸಿನೀರು ಪಂಪಿನ ನೆರವಿಲ್ಲದೆ ತಾನಾಗಿ ಮೇಲೇರಿ ಸಿಲಿಂಡರನ್ನು ಸೇರುವ ಹಳೆಯ ಪದ್ಧತಿಯ ಮನೆಯೋ, ಎಲ್ಲವೂ ಪಂಪಿನಿಂದಲೇ ನಡೆಯುವ ಮನೆಯೋ ಎಂಬುದನ್ನು ಅದರಿಂದ ಆರಿಸಬೇಕು. ವೈ-ಪ್ಲಾನ್ ಮತ್ತು ಎಸ್-ಪ್ಲಾನ್ ಎರಡೂ ಪೂರ್ತಿ ಪಂಪಿನವು. ಈ ಸ್ವಿಚ್ ತಪ್ಪು ಕಡೆಗಿದ್ದರೆ ಬಿಸಿನೀರಿಲ್ಲದೆ ಹೀಟಿಂಗ್ ಒಂದನ್ನೇ ಆರಿಸಲು ಟೈಮರ್ ಬಿಡುವುದೇ ಇಲ್ಲ, ಎಂದರೆ ಯಾವ ತೊಂದರೆಗಾಗಿ ಟೈಮರ್ ಬದಲಿಸಿದೆವೋ ಅದೇ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಕೂರಿಸಿ, ಫ್ಯೂಸ್ ಹಾಕಿದ ಮೇಲೆ ಹೀಟಿಂಗ್ ಮಾತ್ರ, ಬಿಸಿನೀರು ಮಾತ್ರ, ಎರಡೂ, ಯಾವುದೂ ಇಲ್ಲ ಎಂಬ ನಾಲ್ಕೂ ಸ್ಥಿತಿಗಳನ್ನು ಪರೀಕ್ಷಿಸಿದೆವು. ಹೀಟಿಂಗ್ ಮಾತ್ರ ಇಟ್ಟಾಗ ಕಪಾಟಿನಲ್ಲಿ ವಾಲ್ವಿನ ಮೋಟಾರ್ ಕೊನೆಯವರೆಗೆ ಸರಿದ ಸದ್ದೂ, ಅದರ ಹಿಂದೆಯೇ ಬಾಯ್ಲರ್ ಹೊತ್ತಿಕೊಂಡ ಸದ್ದೂ ಕೇಳಿಸಿದವು. ಎಲ್ಲವನ್ನೂ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಪಂಪ್ ಓಡುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಬಾಯ್ಲರಿನಲ್ಲಿ ಉಳಿದ ಬಿಸಿಯನ್ನು ಹೊರಹಾಕಲು ಅದನ್ನು ಹಾಗೆಯೇ ರೂಪಿಸಿರುತ್ತಾರೆ.

ಕಾಂಬಿ ಬಾಯ್ಲರ್ ಇರುವವರಿಗೆ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಕೆಲವು ಬಾಯ್ಲರುಗಳು ಟೈಮರಿನಿಂದ 230 ವೋಲ್ಟನ್ನು ನಿರೀಕ್ಷಿಸಿದರೆ ಇನ್ನು ಕೆಲವು 24 ವೋಲ್ಟಿನಂಥ ಕಡಿಮೆ ಒತ್ತಡದಲ್ಲಿ ಮಾತನಾಡುತ್ತವೆ. ಅಂಥದ್ದಕ್ಕೆ ತಾನೇ ವಿದ್ಯುತ್ ಕಳಿಸದೆ ಬರಿಯ ಸ್ವಿಚ್ಚಿನಂತೆ ಕೆಲಸ ಮಾಡುವ ಟೈಮರ್ ಬೇಕು. ತಪ್ಪು ಬಗೆಯದನ್ನು ಜೋಡಿಸಿದರೆ ಬಾಯ್ಲರಿನ ಸರ್ಕ್ಯೂಟ್ ಬೋರ್ಡೇ ಸುಟ್ಟುಹೋಗಬಹುದು, ಅದರ ಖರ್ಚು ಟೈಮರಿನ ಬೆಲೆಗಿಂತ ಎಷ್ಟೋ ಹೆಚ್ಚು. ಟೈಮರ್ ಬಾಯ್ಲರಿನ ಮುಖದಲ್ಲಿಯೇ ಕೂತಿದ್ದು ಅದನ್ನು ತೆಗೆಯಲು ಬಾಯ್ಲರಿನ ಹೊದಿಕೆಯನ್ನು ಬಿಚ್ಚಬೇಕಾಗಿದ್ದರೆ ಮನೆಯವರು ಕೈಹಾಕಲೇಬಾರದು. ಗ್ಯಾಸಿನ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ನೋಂದಾಯಿಸಿಕೊಂಡಿರಬೇಕೆಂಬುದು ಇಲ್ಲಿನ ಕಾನೂನು; 2009ರ ಏಪ್ರಿಲಿನಲ್ಲಿ ಅದು ಹಿಂದಿನ ಕೋರ್ಗಿ ನೋಂದಣಿಯ ಜಾಗಕ್ಕೆ ಬಂತು. ಮನೆಗೆ ಬಂದವರ ಗುರುತಿನ ಚೀಟಿಯನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಗೋಡೆಯ ಮೇಲಿನ ಟೈಮರನ್ನು ಅದೇ ಬಗೆಯದರಿಂದ ಬದಲಿಸುವುದು ಮಾತ್ರ ಗ್ಯಾಸಿನ ಕೆಲಸವಲ್ಲ, ಇಂಗ್ಲೆಂಡಿನ ಕಟ್ಟಡ ನಿಯಮಗಳ ಪ್ರಕಾರ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕಾದ ವಿದ್ಯುತ್ ಕೆಲಸವೂ ಅಲ್ಲ.

ಬಾಡಿಗೆ ಮನೆಯಲ್ಲಿರುವವರು ಇದಾವುದನ್ನೂ ತಾವು ಮಾಡಬೇಕಾಗಿಲ್ಲ, ಮಾಡಲೂಬಾರದು. ಇಂಗ್ಲೆಂಡಿನಲ್ಲಿ 1985ರ ಮಾಲೀಕ-ಬಾಡಿಗೆದಾರ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಕೋಣೆ ಬಿಸಿ ಮಾಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಹೊಣೆ. ಹೊಸದಾಗಿ ಬಂದ ನಮ್ಮ ವಿದ್ಯಾರ್ಥಿಗಳು, ನರ್ಸುಗಳು, ಸಾಫ್ಟ್‌ವೇರಿನವರು ಮಾಲೀಕರಿಗೆ ತೊಂದರೆ ಕೊಡಬಾರದೆಂದು ಚಳಿಯಲ್ಲಿಯೇ ದಿನ ಕಳೆಯುವುದನ್ನು ಕಂಡು ನನಗೆ ನೋವಾಗಿದೆ. ಲಕ್ಷಣವನ್ನು ದಿನಾಂಕದೊಂದಿಗೆ ಬರೆದು ಇಮೇಲ್ ಕಳಿಸಿ. ‘ಹೀಟಿಂಗ್ ಕೆಟ್ಟಿದೆ’ ಎಂಬುದಕ್ಕಿಂತ ‘ಬಿಸಿನೀರು ಆನ್ ಇದ್ದಾಗ ಮಾತ್ರ ರೇಡಿಯೇಟರ್ ಬಿಸಿಯಾಗುತ್ತದೆ’ ಎಂಬ ವಾಕ್ಯ ಬಂದವರ ಕೆಲಸವನ್ನೂ ಬೇಗ ಮುಗಿಸುತ್ತದೆ. ಸಿಲಿಂಡರ್ ಇರುವ ಮನೆಗಳಲ್ಲಿ ಹೆಚ್ಚಾಗಿ ವಿದ್ಯುತ್ತಿನ ಇಮ್ಮರ್ಶನ್ ಹೀಟರ್ ಕೂಡ ಇರುತ್ತದೆ, ರಿಪೇರಿ ಆಗುವವರೆಗೆ ಸ್ನಾನಕ್ಕೆ ಅದನ್ನು ಬಳಸಬಹುದು. ಆದರೆ ಅದು ಸಾಮಾನ್ಯವಾಗಿ 3 ಕಿಲೋವ್ಯಾಟಿನದು. ಇಲ್ಲಿ ವಿದ್ಯುತ್ತಿನ ಒಂದು ಯೂನಿಟ್ಟಿನ ಬೆಲೆ ಗ್ಯಾಸಿನ ಯೂನಿಟ್ಟಿಗಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ ಕೆಲಸವಾದ ಕೂಡಲೇ ಆಫ್ ಮಾಡುವುದನ್ನು ಮರೆಯಬಾರದು.

ಫೋನಿನಿಂದ ನಡೆಸುವ ವ್ಯವಸ್ಥೆಯನ್ನು ನಾನು ಏಕೆ ಒಪ್ಪಲಿಲ್ಲ ಎಂದು ಮನೆಯಲ್ಲಿಯೂ ಕೇಳಿದರು. ದಿನವೂ ಬೇರೆ ಬೇರೆ ಹೊತ್ತಿಗೆ ಮನೆ ಸೇರುವವರಿಗೆ ಅದರಿಂದ ನಿಜವಾದ ಪ್ರಯೋಜನವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಆಯುಷ್ಯ ಕಂಪನಿಯ ಸರ್ವರಿನ ಆಯುಷ್ಯಕ್ಕೆ ಗಂಟುಬಿದ್ದಿರುತ್ತದೆ. ಗೂಗಲ್ ತನ್ನ ಮೊದಲ ಎರಡು ತಲೆಮಾರುಗಳ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟುಗಳಿಗೆ 2025ರ ಅಕ್ಟೋಬರ್ 25ರಿಂದ ಬೆಂಬಲವನ್ನು ನಿಲ್ಲಿಸಿತು. ಅವು ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತವೆ, ಫೋನಿಗೆ ಮಾತ್ರ ಸಿಗುವುದಿಲ್ಲ. ನಮ್ಮ ಮನೆಗೆ ಚಳಿಗಾಲದಲ್ಲಿ ಊರಿನಿಂದ ಅಪ್ಪ ಅಮ್ಮ ಬಂದು ಇರುತ್ತಾರೆ. ನಾವು ಕೆಲಸಕ್ಕೆ ಹೋದಾಗ ಅವರಿಗೆ ಚಳಿಯಾದರೆ ಒಂದು ಗುಂಡಿ ಒತ್ತಿ ಒಂದು ಗಂಟೆ ಹೆಚ್ಚಿಗೆ ಹೀಟಿಂಗ್ ಪಡೆಯುವಂತಿರಬೇಕು, ಅದಕ್ಕಾಗಿ ನಮ್ಮ ಫೋನನ್ನೋ ಪಾಸ್‌ವರ್ಡನ್ನೋ ಕಾಯುವಂತಿರಬಾರದು ಎಂಬುದೇ ನನಗೆ ಮುಖ್ಯವಾಯಿತು. ಹೊಸ ಟೈಮರಿನ ಆ ಗುಂಡಿಯ ಪಕ್ಕದಲ್ಲಿ ಕನ್ನಡದಲ್ಲಿಯೇ ಒಂದು ಚೀಟಿ ಬರೆದು ಅಂಟಿಸಿದ್ದೇನೆ.

ವೇಳೆಯನ್ನು ಹೊಂದಿಸುವಾಗ ಏಳುವ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೀಟಿಂಗ್ ಶುರುವಾಗುವಂತೆ ಇಟ್ಟೆ, ಏಕೆಂದರೆ ನಮ್ಮ ಹಳೆಯ ಇಟ್ಟಿಗೆಯ ಗೋಡೆಗಳು ಬಿಸಿಯಾಗಲು ಅಷ್ಟು ಹೊತ್ತು ಬೇಕು. ವಯಸ್ಸಾದವರಿರುವ ಮನೆಯಲ್ಲಿ ಕೋಣೆಯ ತಾಪ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದೆಂಬುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಅಪ್ಪ ಅಮ್ಮ ಇರುವ ತಿಂಗಳುಗಳಲ್ಲಿ ನಾವು ಅದಕ್ಕಿಂತ ಎರಡು ಡಿಗ್ರಿ ಮೇಲೆಯೇ ಇಡುತ್ತೇವೆ. ಸಿಲಿಂಡರಿನ ಥರ್ಮೋಸ್ಟಾಟನ್ನು ಮಾತ್ರ ಉಳಿತಾಯದ ಆಸೆಗೆ 60 ಡಿಗ್ರಿಗಿಂತ ಕೆಳಗೆ ಇಳಿಸಬಾರದು. ಸಂಗ್ರಹಿಸಿಟ್ಟ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಬದಲಾಗುತ್ತದೆ. ಹೊಸ ಟೈಮರ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ಇಸವಿ ಮತ್ತು ದಿನಾಂಕ ಸರಿಯಾಗಿ ತಿಳಿದಿರಬೇಕಾದ್ದರಿಂದ ಮೊದಲ ದಿನವೇ ಗಂಟೆಯ ಜೊತೆಗೆ ಅವೆರಡನ್ನೂ ನೋಡಿಕೊಂಡು ತುಂಬಬೇಕು. ಹಳೆಯ ಟೈಮರಿನೊಳಗೆ ಬ್ಯಾಟರಿ ಇರುವುದರಿಂದ ಅದನ್ನು ಮನೆಯ ಕಸದ ತೊಟ್ಟಿಗೆ ಹಾಕದೆ ಕೌನ್ಸಿಲ್ಲಿನ ಮರುಬಳಕೆ ಕೇಂದ್ರಕ್ಕೆ ಕೊಟ್ಟುಬಂದೆ.